ಚಿಕ್ಕಪ್ಪ ನೋಡಿದ ಮೆಟಲ್ ಶೋ

ಹಳೆಯ ಜೀನ್ಸ್ ಪ್ಯಾಂಟುಗಳಿಗೆ ನಮ್ಮ ಮನೆಯಲ್ಲಿ ನಿವೃತ್ತಿ ಎಂಬುದಿಲ್ಲ, ವರ್ಗಾವಣೆ ಮಾತ್ರ. ಮೈಮೇಲಿಂದ ಇಳಿದದ್ದು ಸ್ಕೂಟರ್ ಒರೆಸಲು ಹೋಗುತ್ತದೆ, ಅಲ್ಲಿಂದ ಮುಂದೆ ಬಾತ್‌ರೂಮಿನ ಬಾಗಿಲಿಗೆ. ಕಳೆದ ಭಾನುವಾರ ಹೀಗೆ ಒಂದನ್ನು ವರ್ಗಾಯಿಸುವ ಮುನ್ನ ಜೇಬು ತಡವಿದೆ. ದೊಡ್ಡ ಜೇಬಿನೊಳಗೆ ಒಂದು ಪುಟ್ಟ ಜೇಬು ಇರುತ್ತದಲ್ಲ, ಯಾವ ಪುಣ್ಯಾತ್ಮ ಯಾವ ಉದ್ದೇಶಕ್ಕೆ ಹೊಲಿದನೋ ನನಗಂತೂ ಇವತ್ತಿಗೂ ತಿಳಿಯದ ಜೇಬು, ಅದರೊಳಗೆ ಬೆರಳಿಗೆ ಮೆತ್ತಗೆ ಏನೋ ತಾಗಿತು. ತೆಗೆದರೆ ಕಿತ್ತಳೆ ಬಣ್ಣದ ಸ್ಪಂಜಿನ ಒಂದು ಬಿರಡೆ. ಜೋರು ಸದ್ದಿನ ಕಡೆ ಕಿವಿಗೆ ಇಟ್ಟುಕೊಳ್ಳುವಂಥದ್ದು. ಅದರ ಬುಡಕ್ಕೆ ಗೇಣುದ್ದದ ನೀಲಿ ದಾರ. ಇನ್ನೊಂದು ಬಿರಡೆ ಇರಬೇಕಾಗಿದ್ದ ತುದಿಯನ್ನು ಯಾರೋ ಕತ್ತರಿಸಿದ್ದರು.

ಯಾರೋ ಅಲ್ಲ, ಚಿಕ್ಕಪ್ಪ. ಕೀಗೊಂಚಲಿಗೆ ನೇತುಹಾಕಿಕೊಂಡಿದ್ದ ಉಗುರು ಕತ್ತರಿಸುವ ಕಟ್ಟರಿನಿಂದ. ವೈಟ್‌ಫೀಲ್ಡಿನ ಒಂದು ಬಯಲಿನಲ್ಲಿ, ಬಿಸಿಲು ಇಳಿಯುವ ಹೊತ್ತಿನಲ್ಲಿ, ಕಪ್ಪು ಟೀ ಶರ್ಟಿನ ನೂರಾರು ಹುಡುಗರ ನಡುವೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಿಂತು ಕತ್ತರಿಸಿದ.

ಇಷ್ಟು ಖಚಿತವಾಗಿ ಹೇಳುತ್ತಿದ್ದೇನಲ್ಲ, ನನಗೆ ನನ್ನ ಮೇಲೆ ಅನುಮಾನ ಬರುವುದೇ ಇಂಥ ಕಡೆ. ನಾನು ಮನಶ್ಶಾಸ್ತ್ರ ಓದಿ, ಈಗ ಕಾಲೇಜಿನಲ್ಲಿ ಅದನ್ನೇ ಪಾಠ ಹೇಳುವವನು. ನೆನಪೆಂದರೆ ಟ್ರಂಕಿನಲ್ಲಿಟ್ಟ ಫೋಟೊ ಅಲ್ಲ, ಬೇಕಾದಾಗಲೆಲ್ಲ ಹೊಸದಾಗಿ ಹೊಯ್ಯುವ ದೋಸೆ. ಹಿಟ್ಟು ಹಳೆಯದಿರಬಹುದು, ತೂತುಗಳು ಇವತ್ತಿನವು ಎಂದು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಹೇಳಿ ನಗಿಸುತ್ತೇನೆ. ಚಿಕ್ಕಂದಿನಲ್ಲಿ ಕಣ್ಣಾರೆ ಕಂಡೆ ಎಂದು ಯಾರಾದರೂ ಶುರು ಮಾಡಿದರೆ, ಕಂಡದ್ದೋ ಆಮೇಲೆ ಕೇಳಿದ್ದೋ ಎಂದು ಅಡ್ಡಪ್ರಶ್ನೆ ಹಾಕಿ ನೆಂಟರ ಊಟದ ಪಂಕ್ತಿಗಳಲ್ಲಿ ಸಾಕಷ್ಟು ಅಪ್ರಿಯನಾಗಿದ್ದೇನೆ. ಆದರೆ ಒಂದೇ ಒಂದು ನೆನಪನ್ನು ಮಾತ್ರ ಈ ಪರೀಕ್ಷೆಗೆ ಒಡ್ಡದೆ ಜೋಪಾನವಾಗಿ ಇಟ್ಟುಕೊಂಡಿದ್ದೆ. ಆ ದಿನ ಚಿಕ್ಕಪ್ಪ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದ ಒಂದು ಮಾತು. ಹತ್ತು ಹನ್ನೆರಡು ವರ್ಷದಿಂದ ಅದನ್ನು ಕಂಡಕಂಡವರಿಗೆ ಹೇಳಿಕೊಂಡು ಬಂದಿದ್ದೇನೆ. ಈ ಬಿರಡೆ ಸಿಕ್ಕಿದ್ದೇ ಸಿಕ್ಕಿದ್ದು, ಚಿಕ್ಕಪ್ಪ ಆ ಮಾತು ಆಡಿದ್ದು ಹೌದೋ ಅಲ್ಲವೋ ಎಂಬ ಫಜೀತಿಗೆ ಬಿದ್ದೆ.

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ರಾಜಗೋಪಾಲನಗರದಲ್ಲಿ. ಪೀಣ್ಯದ ಕಾರ್ಖಾನೆ ಶೆಡ್ಡುಗಳಿಗೂ ನಮ್ಮ ಮನೆಗೂ ನಡುವೆ ಒಂದು ರಸ್ತೆ, ಒಂದು ಮೋರಿ, ಅಷ್ಟೇ. ಅಜ್ಜನ ಕಾಲದಲ್ಲಿ ಅಲ್ಲೆಲ್ಲ ರಾಗಿ ಬೆಳೆಯುತ್ತಿದ್ದರಂತೆ. ನನ್ನ ಕಾಲಕ್ಕೆ ವಾಷರ್ ಬೆಳೆಯುತ್ತಿದ್ದರು. ತಗಡಿನ ಪಟ್ಟಿಯನ್ನು ಪವರ್ ಪ್ರೆಸ್ಸಿನ ಬಾಯಿಗೆ ಕೊಟ್ಟು ಬಲಗಾಲಲ್ಲಿ ಪೆಡಲ್ ಒತ್ತಿದರೆ ಮೇಲಿನಿಂದ ಧಡ್ ಎಂದು ಒಂದು ಏಟು. ಕೆಳಗಿನ ಡಬ್ಬಕ್ಕೆ ಒಂದು ವಾಷರ್. ಇಂಥ ಪ್ರೆಸ್ಸುಗಳು ಬೀದಿಯುದ್ದಕ್ಕೂ ಇದ್ದವು. ಒಂದು ಧಡ್ ಎಂದರೆ ಪಕ್ಕದ್ದು ಧಡಧಡ್ ಎನ್ನುತ್ತಿತ್ತು, ಮೂರನೆಯದು ನಡುವೆ ತೂರಿಕೊಳ್ಳುತ್ತಿತ್ತು. ನಮ್ಮ ಅಡುಗೆಮನೆಯ ಗೂಡಿನಲ್ಲಿ ಸ್ಟೀಲ್ ಲೋಟಗಳು ಹಗಲಿಡೀ ಒಂದನ್ನೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಸದ್ದಿಗೆ ಯಾರಿಗೂ ಎಚ್ಚರವಾಗುತ್ತಿರಲಿಲ್ಲ. ಕರೆಂಟು ಹೋಗಿ ಪ್ರೆಸ್ಸುಗಳು ನಿಂತುಬಿಟ್ಟರೆ ಮಾತ್ರ ತೊಟ್ಟಿಲಲ್ಲಿದ್ದ ಮಗು ಬೆಚ್ಚಿಬಿದ್ದು ಅಳುತ್ತಿತ್ತು. ಆ ಮಗು ನಾನೇ ಎಂದು ಅಮ್ಮ ಹೇಳುತ್ತಾಳೆ. ಅವಳ ಸಾಕ್ಷ್ಯವನ್ನೂ ನಾನು ಪೂರ್ತಿ ಒಪ್ಪುವುದಿಲ್ಲ, ಕೇಳಲು ಚೆನ್ನಾಗಿದೆ ಎಂದು ಇಟ್ಟುಕೊಂಡಿದ್ದೇನೆ.

ಇದರ ಮೇಲೆ ನಾನೊಂದು ಸಿದ್ಧಾಂತವನ್ನೂ ಕಟ್ಟಿದ್ದೆ. ಪೀಣ್ಯದವರಿಗೆ ಗಿಟಾರು, ಡ್ರಮ್ಮುಗಳು ಅಬ್ಬರಿಸುವ ಮೆಟಲ್ ಸಂಗೀತವನ್ನು ಯಾರೂ ಕಲಿಸಬೇಕಾಗಿಲ್ಲ, ಅದು ತೊಟ್ಟಿಲಲ್ಲೇ ಬರುತ್ತದೆ ಎಂದು. ನಮ್ಮದೇ ಬೀದಿಯಲ್ಲಿ, ಅದೇ ಪ್ರೆಸ್ಸುಗಳ ಸದ್ದಿನಲ್ಲಿ ಬೆಳೆದ ನನ್ನ ಗೆಳೆಯ ಮಂಜ ಭಾವಗೀತೆ ಬಿಟ್ಟು ಬೇರೇನನ್ನೂ ಕೇಳುವುದಿಲ್ಲವಾದ್ದರಿಂದ ಸಿದ್ಧಾಂತ ಅಲ್ಲಿಗೇ ನಿಂತಿದೆ.

ಆದರೂ ನನ್ನನ್ನು ಈ ದಾರಿಗೆ ಹಚ್ಚಿದ್ದು ಮಂಜನೇ. ಅವನು ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಬಟ್ಟೆ ತಪಾಸಣೆಗೆ ಸೇರಿದ್ದ. ಹೊರದೇಶಕ್ಕೆ ಹೋಗಬೇಕಾಗಿ, ಏನೋ ಐಬಿನಿಂದ ತಿರಸ್ಕೃತವಾದ ಟೀ ಶರ್ಟುಗಳು ಅಲ್ಲಿಯ ಸಂದಿಯ ಅಂಗಡಿಗಳಲ್ಲಿ ರಾಶಿ ಬೀಳುತ್ತಿದ್ದವು. ಹಾಗೊಂದು ನನಗೆ ತಂದುಕೊಟ್ಟ. ಕಪ್ಪು ಬಟ್ಟೆಯ ಮೇಲೆ ದೊಡ್ಡ ತಲೆಬುರುಡೆ. ಅಚ್ಚು ಜರುಗಿ ಬುರುಡೆಗೆ ಮೂರು ಕಣ್ಣಿನ ಗೂಡುಗಳಾಗಿದ್ದವು. ಅದು ಯಾವ ಬ್ಯಾಂಡಿನದೆಂದು ಹುಡುಕಲು ಹೋಗಿ ಹಾಡು ಕೇಳಿದೆ, ಹಾಡು ಕೇಳಿ ಶೋ ಎಲ್ಲೆಲ್ಲಿ ನಡೆಯುತ್ತದೆಂದು ಹುಡುಕಿದೆ. ಮೊದಲು ನೋಡಿದ್ದು ಎಲೆಕ್ಟ್ರಾನಿಕ್ ಸಿಟಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಹಬ್ಬದಲ್ಲಿ. ಎರಡನೇ ಹಾಡಿನ ನಡುವೆ ಕರೆಂಟು ಹೋಯಿತು. ಗಿಟಾರುಗಳು ಸತ್ತವು, ಹಾಡುವವನ ಬಾಯಿ ಮಾತ್ರ ಆಡುತ್ತಿತ್ತು, ಡ್ರಮ್ ಬಾರಿಸುವವನು ನಿಲ್ಲಿಸಲೇ ಇಲ್ಲ. ಕರೆಂಟು ಬರುವ ತನಕ ನಾವೆಲ್ಲ ಗಂಟಲಿನಲ್ಲೇ ಗಿಟಾರು ನುಡಿಸಿದೆವು. ಪರಿಣಾಮವಾಗಿ ನನಗೆ ಕೆಲವು ದಿನ ಮಾತು ಹೊರಡಲಿಲ್ಲ. ಮನೆಯಲ್ಲಿ ಎಲ್ಲರೂ ಇದನ್ನು ಒಂದು ಅನುಕೂಲವೆಂದೇ ಭಾವಿಸಿದರು, ಅಪ್ಪ ಒಬ್ಬರನ್ನು ಬಿಟ್ಟು.

ಅಪ್ಪ ಲೈನ್‌ಮನ್. ಕಂಬ ಹತ್ತಿ ತಂತಿ ಸರಿಮಾಡುವ ಕೆಲಸ. ಟೀ ಶರ್ಟನ್ನು ಒಗೆಯುವ ಕಲ್ಲಿನ ಮೇಲೆ ಬಿಡಿಸಿ ಹಾಕಿ ಬಹಳ ಹೊತ್ತು ನೋಡಿದರು.

“ಇದನ್ನ ನಾವು ಟ್ರಾನ್ಸ್‌ಫಾರ್ಮರ್‌ಗೆ ನೇತು ಹಾಕ್ತೀವಿ ಕಣೋ, ಯಾರೂ ಹತ್ರ ಬರಬಾರದು ಅಂತ,” ಅಂದರು. “ನೀನು ಮೈಮೇಲೆ ಹಾಕ್ಕೊಂಡ್ ತಿರುಗ್ತಿದ್ದೀಯ.”

ಆಮೇಲೆ ತೀರ್ಮಾನ ಕೊಟ್ಟರು. ಇಂಥ ಕಡೆ ಇನ್ನೊಂದು ಸಲ ಹೋಗಬೇಕಾದರೆ ಚಿಕ್ಕಪ್ಪ ಜೊತೆಗೆ ಬರಬೇಕು. ಅವನು ನೋಡಿ ಸರಿ ಎಂದರೆ ಸರಿ, ಬೇಡ ಎಂದರೆ ಅಲ್ಲಿಗೆ ಮುಗಿಯಿತು. ಚಿಕ್ಕಪ್ಪನಿಗಿದ್ದ ರಜೆ ಭಾನುವಾರ ಒಂದೇ. ಅದನ್ನು ಅವನು ನನ್ನ ಹುಚ್ಚಿಗೆ ಕೊಡುವುದಿಲ್ಲ ಎಂಬ ಧೈರ್ಯದ ಮೇಲೆ ಕೊಟ್ಟ ತೀರ್ಮಾನ ಅದು. ಆಗ ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ಮುಂದೆ ಬದುಕಿನಲ್ಲಿ ಶೋ ನೋಡುತ್ತೇನೋ ಇಲ್ಲವೋ ಎಂಬುದು ಚಿಕ್ಕಪ್ಪನ ಬಾಯಲ್ಲಿತ್ತು.

ಅಪ್ಪನಿಗೆ ಬಹುವಚನ, ಚಿಕ್ಕಪ್ಪನಿಗೆ ಏಕವಚನ, ಇದು ನಮ್ಮ ಮನೆಯ ವ್ಯಾಕರಣ. ಚಿಕ್ಕಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವನು. ಪೀಣ್ಯದ ಒಂದು ಶೆಡ್ಡಿನಲ್ಲಿ ಪ್ರೆಸ್ಸಿನ ಮುಂದೆ ನಿಂತು ಕಿವಿ ಕಳೆದುಕೊಂಡಿದ್ದ. ಪೂರ್ತಿಯಲ್ಲ. ದಪ್ಪ ಸದ್ದುಗಳು ಕೇಳಿಸುತ್ತಿದ್ದವು, ಸಣ್ಣವು ಜಾರಿಹೋಗುತ್ತಿದ್ದವು. ಲಾರಿ ಬಂದದ್ದು ತಿಳಿಯುತ್ತಿತ್ತು, ಸೈಕಲ್ ಬೆಲ್ಲು ತಿಳಿಯುತ್ತಿರಲಿಲ್ಲ. ಪ್ರೆಸ್ಸು ಶೆಡ್ಡಿನವರಿಗೆಲ್ಲ ಒಂದು ಅಭ್ಯಾಸವಿದೆ, ಪ್ರಶ್ನೆಯನ್ನು ಹುಬ್ಬಿನಲ್ಲಿ ಕೇಳುವುದು. ಆ ಗದ್ದಲದಲ್ಲಿ ಊಟ ಆಯ್ತಾ, ತಗಡು ಬಂತಾ ಎಂದು ಬಾಯಲ್ಲಿ ಕೇಳಿ ಪ್ರಯೋಜನವಿಲ್ಲ. ಹುಬ್ಬನ್ನು ಹಣೆಯ ಅರ್ಧಕ್ಕೆ ಏರಿಸಿದರೆ ಎದುರಿನವನು ತಲೆ ಆಡಿಸುತ್ತಾನೆ. ಚಿಕ್ಕಪ್ಪನ ಹುಬ್ಬು ಮನೆಗೆ ಬಂದ ಮೇಲೂ ಹಾಗೇ ಏರುತ್ತಿತ್ತು. ಸಾರಿಗೆ ಉಪ್ಪು ಹಾಕಿದ್ದೀಯಾ ಎಂದು ಅವನು ಚಿಕ್ಕಮ್ಮನನ್ನು ಹುಬ್ಬಿನಲ್ಲೇ ಕೇಳುತ್ತಿದ್ದ. ಅವಳು ಸೌಟಿನಲ್ಲಿ ಉತ್ತರ ಹೇಳುತ್ತಿದ್ದಳು.

ಚಿಕ್ಕಮ್ಮ ಸೋಬಾನೆ ಪದ ಹಾಡುತ್ತಿದ್ದಳು. ನಮ್ಮ ಸುತ್ತಿನಲ್ಲಿ ಯಾರ ಮನೆಯಲ್ಲಿ ಹಸೆಗೆ ಕೂರಿಸಿದರೂ ಅವಳಿಗೆ ಕರೆ ಬರುತ್ತಿತ್ತು. ಎಳೆ ಎಳೆಯಾದ, ಎತ್ತರದ ದನಿ. ಮದುವೆಯಾದ ಹೊಸದರಲ್ಲಿ ಆ ದನಿ ಕೇಳಲೆಂದೇ ಚಿಕ್ಕಪ್ಪ ಸಂಬಂಧವಿಲ್ಲದವರ ಮದುವೆಗೂ ಹೋಗಿ ಕೂರುತ್ತಿದ್ದನಂತೆ. ನಾನು ಕಂಡಿದ್ದು ಬೇರೆಯೇ ಚಿತ್ರ. ಅವನು ಅವಳ ಎದುರಿಗೆ ಕೂತು ತುಟಿಯನ್ನೇ ನೋಡುತ್ತ ತಲೆಯಾಡಿಸುತ್ತಿದ್ದ, ಯಾವಾಗಲೂ ಅರ್ಧ ಸಾಲು ಹಿಂದೆ. ಹಾಡು ನಿಂತ ಮೇಲೂ ಅವನ ತಲೆ ಒಂದು ಗಳಿಗೆ ಆಡುತ್ತಿತ್ತು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಚಿಕ್ಕಮ್ಮ ಮಾತ್ರ ಅವನ ತಲೆ ನಿಲ್ಲುವ ತನಕ ಕಾಯ್ದು ಆಮೇಲೆ ಮುಂದಿನ ಪದ ಎತ್ತುತ್ತಿದ್ದಳು.

ಇಂಥವನ ಹತ್ತಿರ ಹೋಗಿ, ವೈಟ್‌ಫೀಲ್ಡಿನಲ್ಲಿ ಮೆಟಲ್ ಶೋ ಇದೆ, ನೀನು ಬಂದರೆ ಮಾತ್ರ ಅಪ್ಪ ಬಿಡುತ್ತಾರೆ ಎಂದೆ. ಮಾತು ಮುಗಿಸುವ ಮೊದಲೇ “ಬತ್ತೀನಿ ತಗ” ಅಂದ. ನನಗೆ ಆಶ್ಚರ್ಯವಾಯಿತು, ಅಭಿಮಾನವೂ ಉಕ್ಕಿತು. ನಮ್ಮ ವಂಶದಲ್ಲಿ ಇಷ್ಟು ತೆರೆದ ಮನಸ್ಸು ಇದೆಯೆಂದು ನನಗೆ ಗೊತ್ತಿರಲಿಲ್ಲ.

ಪೀಣ್ಯದಲ್ಲಿ ಮೆಟಲ್ ಶೋ ಎಂದರೆ ಏನರ್ಥ ಎಂದು ನನಗೆ ಹೊಳೆಯಬೇಕಿತ್ತು. ಅಲ್ಲಿಯವರಿಗೆ ಮೆಟಲ್ ಎಂದರೆ ತಗಡು, ಸರಳು, ಹಿತ್ತಾಳೆ, ಅಲ್ಯುಮಿನಿಯಂ. ಶೋ ಎಂದರೆ ಯಂತ್ರಗಳ ಪ್ರದರ್ಶನ. ಆಗೀಗ ದೊಡ್ಡ ಹಾಲುಗಳಲ್ಲಿ ಅಂಥವು ನಡೆಯುತ್ತಿದ್ದವು. ಶೆಡ್ಡಿನ ಮಾಲೀಕರು ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಬಣ್ಣಬಣ್ಣದ ಕರಪತ್ರ ತುಂಬಿದ ಚೀಲಗಳೊಂದಿಗೆ ಹಿಂದಿರುಗುತ್ತಿದ್ದರು. ಚಿಕ್ಕಪ್ಪನಿಗೆ ಆ ವರ್ಷ ಸ್ವಂತಕ್ಕೆ ಒಂದು ಪ್ರೆಸ್ಸು ಹಾಕುವ ಯೋಚನೆ ಬಂದಿತ್ತು. ನಾನು ತೋರಿಸಿದ ಭಿತ್ತಿಪತ್ರವಂತೂ ಅವನ ನಂಬಿಕೆಯನ್ನು ಗಟ್ಟಿ ಮಾಡಿತು. ಮೆಟಲ್ ಬ್ಯಾಂಡುಗಳ ಹೆಸರನ್ನು ಯಾರಿಗೂ ಓದಲಾಗದಂತೆ ಬರೆಯುವುದು ವಾಡಿಕೆ. ಅಕ್ಷರಗಳಿಗೆ ಬೇರು, ಮುಳ್ಳು, ಬಾಲ. ಚಿಕ್ಕಪ್ಪನ ಕಣ್ಣಿಗೆ ಅದು ಲೇತ್‌ನಿಂದ ಸುರುಳಿಸುರುಳಿಯಾಗಿ ಬೀಳುವ ಲೋಹದ ಚೂರಿನಂತೆ ಕಂಡಿತು. ಮೂಲೆಯಲ್ಲಿ ಎರಡು ಹಲ್ಲುಚಕ್ರಗಳೂ ಒಂದು ಬುರುಡೆಯೂ ಇದ್ದವು. ಸುರಕ್ಷತೆಯ ಬಗ್ಗೆಯೂ ಹೇಳಿದ್ದಾರಲ್ಲ ಎಂದು ಮೆಚ್ಚಿಕೊಂಡ.

ಮೆಜೆಸ್ಟಿಕ್ಕಿಗೆ ಹೋಗಿ ಅಲ್ಲಿಂದ ವೈಟ್‌ಫೀಲ್ಡ್ ಬಸ್ಸು ಹಿಡಿದೆವು. ಆ ದಾರಿ ಎಷ್ಟು ಉದ್ದವೆಂದರೆ ಅಪರಿಚಿತರೂ ಇಳಿಯುವ ಹೊತ್ತಿಗೆ ನೆಂಟರಾಗಿರುತ್ತಾರೆ. ನಾವಿಬ್ಬರೂ ಪಕ್ಕಪಕ್ಕ ಕೂತು ಎರಡು ಬೇರೆ ಬೇರೆ ಶೋಗಳ ಬಗ್ಗೆ ಹೊಂದಿಕೊಂಡು ಮಾತಾಡಿದೆವು.

“ಸೀಟ್ ಮೆಟಲ್ಲೂ ಇರ್ತದಾ?” ಎಂದು ಕೇಳಿದ ಚಿಕ್ಕಪ್ಪ. ತಗಡಿನ ಕೆಲಸದ ‘ಶೀಟ್ ಮೆಟಲ್’ ಅಲ್ಲಿಯವರ ಬಾಯಲ್ಲಿ ಹಾಗಾಗುತ್ತದೆ. ನನಗೆ ಕುರ್ಚಿ ಇರುತ್ತದಾ ಎಂದು ಕೇಳಿದಂತಾಯಿತು.

“ಸೀಟ್ ಏನೂ ಇರಲ್ಲ ಚಿಕ್ಕಪ್ಪ. ನಿಂತೇ ನೋಡ್ಬೇಕು. ಹೆವಿ ಮೆಟಲ್ಲೇ ಜಾಸ್ತಿ.”

“ಎವಿನೇ ಬೇಕು ಬುಡು. ಅದ್ರಾಗೇ ಈಗ ಉಳಿಗಾಲ.”

ಡೆತ್ ಮೆಟಲ್ ಎಂಬುದೂ ಒಂದಿದೆ ಎಂದೆ. ಸ್ವಲ್ಪ ಯೋಚಿಸಿ, ಗುಜರಿ ಕಬ್ಬಿಣ ಇರಬೇಕು, ಅದಕ್ಕೂ ಈಗ ಬೇಡಿಕೆ ಇದೆ ಎಂದ. ಎಂಥ ಹಾಸ್ಯಪ್ರಜ್ಞೆ ಎಂದುಕೊಂಡು ನಾನು ಬಿದ್ದು ಬಿದ್ದು ನಕ್ಕೆ. ಅವನೂ ಸೌಜನ್ಯಕ್ಕೆ ನಕ್ಕ.

ಗೇಟಿನಲ್ಲಿ ಮೈ ತಡವುವ ಗಾರ್ಡು ಚಿಕ್ಕಪ್ಪನ ಪ್ಯಾಂಟಿನ ಜೇಬಿಗೆ ಕೈ ಹಾಕಿದವನು ಗಾಬರಿಯಾಗಿ ಹಿಂದೆಗೆದ. ಎರಡೂ ಜೇಬು ತುಂಬ ವಾಷರುಗಳು. ಇದೇನ್ ಸಾರ್ ಎಂದು ಅವನು ಕೇಳಿದರೆ ಚಿಕ್ಕಪ್ಪ ಗಾಂಭೀರ್ಯದಿಂದ “ಸ್ಯಾಂಪಲ್ಲು” ಅಂದ. ಗಾರ್ಡಿಗೆ ಇವನ್ನು ಸ್ಟೇಜಿನ ಕಡೆ ಬೀಸಿದರೆ ಏನು ಗತಿ ಎಂಬ ಭಯ. ನಮ್ಮ ಹಿಂದೆ ನಿಂತಿದ್ದ ಉದ್ದ ಕೂದಲಿನ ಹುಡುಗನಿಗೆ ಮಾತ್ರ ಅವು ಬಹಳ ಹಿಡಿಸಿಬಿಟ್ಟವು. ಅಂಕಲ್, ಸಕ್ಕತ್ತಾಗಿದೆ, ಒಂದು ಕೊಡಿ ಎಂದ. ಶೂ ದಾರ ಬಿಚ್ಚಿ ವಾಷರನ್ನು ಪೋಣಿಸಿ ಕೊರಳಿಗೆ ಕಟ್ಟಿಕೊಂಡ. ಅವನ ಗುಂಪಿನವರೆಲ್ಲ ಕೈ ಚಾಚಿದರು. ಗಾರ್ಡು ನೋಡನೋಡುತ್ತಿದ್ದಂತೆ ಚಿಕ್ಕಪ್ಪನ ಜೇಬು ಖಾಲಿ. ಇಷ್ಟೊಂದು ಗಿರಾಕಿಗಳನ್ನು ಒಟ್ಟಿಗೆ ಕಂಡಿರದ ಚಿಕ್ಕಪ್ಪ ಪ್ರತಿಯೊಬ್ಬರಿಗೂ ಅಳತೆ ಹೇಳಿ, ಬೇರೆ ಸೈಜೂ ಮಾಡಿಕೊಡುತ್ತೇವೆ ಎಂದು ತಿಳಿಸಿದ. ಕೂದಲು ಮಾತ್ರ ಮೆಷಿನ್ ಹತ್ತಿರ ಹೋಗುವಾಗ ಕಟ್ಟಿಕೊಳ್ಳಿ ಎಂದು ಬುದ್ಧಿ ಹೇಳಿದ. ಅವರು ಓಕೆ ಅಂಕಲ್ ಎಂದರು.

ಒಳಗೆ ಬಯಲು. ದೂರದಲ್ಲಿ ಸ್ಟೇಜು, ಎರಡು ಬದಿಗೆ ಮಹಡಿಯೆತ್ತರ ಪೇರಿಸಿದ ಕಪ್ಪು ಸ್ಪೀಕರುಗಳು. ಚಿಕ್ಕಪ್ಪನ ಹುಬ್ಬು ಏರಿತು. ಮೆಷಿನುಗಳೆಲ್ಲಿ ಎಂಬ ಆ ಪ್ರಶ್ನೆ ನನಗೆ ಆಗ ತಿಳಿಯಲಿಲ್ಲ. ಇನ್ನೇನು ಶುರುವಾಗುತ್ತೆ ಎಂದು ಉತ್ತರ ಕೊಟ್ಟೆ. ಶುರುವಾಯಿತು. ಮೊದಲ ಏಟಿಗೆ ಅವನು ಮೇಲೆ ನೋಡಿದ, ಏನೋ ಬಿತ್ತೆಂಬಂತೆ. ಆಮೇಲೆ ಅಂಗಿಯ ಜೇಬಿಗೆ ಕೈ ಹಾಕಿ ಈ ಬಿರಡೆಯ ಜೋಡಿ ತೆಗೆದ. ಶೆಡ್ಡಿಗೆ ಯಾರೋ ತಪಾಸಣೆಗೆ ಬಂದಾಗ ಹಂಚಿದ್ದಂತೆ, ಒಮ್ಮೆಯೂ ಬಳಸಿರಲಿಲ್ಲ. ನಡುವೆ ದಾರ ಕತ್ತರಿಸಿ ಒಂದನ್ನು ನನ್ನ ಕಿವಿಗೆ ತುರುಕಿ, ಇನ್ನೊಂದನ್ನು ತನ್ನದಕ್ಕೆ ಇಟ್ಟುಕೊಂಡ. ಉಳಿದ ಕಿವಿಗಳನ್ನು ಅವರವರ ದೈವಕ್ಕೆ ಬಿಟ್ಟೆವು.

ಮೊದಲ ಹಾಡು ಮುಗಿದಾಗ ಹುಬ್ಬೇರಿಸಿ “ಇದು ಆರ್ಕೆಸ್ಟ್ರಾನೇನ್ಲಾ?” ಅಂದ. ಹೌದೆಂದು ತಲೆಯಾಡಿಸಿದೆ. ಆಗಲೇ ನನಗೆ ಬಸ್ಸಿನ ಮಾತುಗಳೆಲ್ಲ ಒಂದೊಂದಾಗಿ ಹಿಂದಿರುಗಿ ಬಂದವು. ಸೀಟು, ಹೆವಿ, ಗುಜರಿ, ಸ್ಯಾಂಪಲ್ಲು. ನನ್ನ ಶೋಗಳ ಬದುಕು ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅದೇ ಹೊತ್ತಿಗೆ ನಮ್ಮ ಮುಂದೆ ಹುಡುಗರು ಸುತ್ತು ಕಟ್ಟಿ ಒಬ್ಬರಿಗೊಬ್ಬರು ಮೈ ಗುದ್ದಿಕೊಂಡು ಓಡತೊಡಗಿದರು. ಇಂಥ ಹಾಡಿಗೆ ಹೀಗೆ ಕುಣಿಯುವುದು ರೂಢಿ. ಚಿಕ್ಕಪ್ಪ ಜಗಳ ಎಂದುಕೊಂಡು ನನ್ನ ಕೊರಳಪಟ್ಟಿ ಹಿಡಿದ. ಅಷ್ಟರಲ್ಲಿ ಒಬ್ಬ ಜಾರಿ ಬಿದ್ದ. ಸುತ್ತಲಿನವರು ತಟ್ಟನೆ ನಿಂತು ಅವನನ್ನು ಎತ್ತಿ, ಮಣ್ಣು ಕೊಡವಿ, ಕೆಳಗೆ ಬಿದ್ದ ಕನ್ನಡಕ ಹುಡುಕಿ ಮೂಗಿಗೆ ಏರಿಸಿ, ಮತ್ತೆ ಗುದ್ದತೊಡಗಿದರು. ಚಿಕ್ಕಪ್ಪನ ಹಿಡಿತ ಸಡಿಲಾಯಿತು.

ಬಿಸಿಲು ಇಳಿದ ಮೇಲೆ ಬೆಂಗಳೂರಿನದೇ ಒಂದು ಬ್ಯಾಂಡು ಬಂತು. ಕೊರಳಲ್ಲಿ ವಾಷರ್ ಕಟ್ಟಿಕೊಂಡ ಹುಡುಗರು ನಮ್ಮನ್ನು ಕಂಡು, ಅಂಕಲ್‌ಗೆ ಜಾಗ ಬಿಡ್ರೋ ಎಂದು ದಾರಿ ಮಾಡಿ ಸ್ಟೇಜಿನ ಮುಂದಿನ ಕಬ್ಬಿಣದ ಬೇಲಿಯ ತನಕ ತಲುಪಿಸಿದರು. ಡ್ರಮ್ಮಿನ ಏಟು ಅಲ್ಲಿ ಕಿವಿಗಿಂತ ಮೊದಲು ಎದೆಗೆ ಬರುತ್ತದೆ. ಚಿಕ್ಕಪ್ಪ ಬೇಲಿಯ ಕಂಬಿಯ ಮೇಲೆ ಅಂಗೈ ಇಟ್ಟ. ಕಿವಿಯಿಂದ ಬಿರಡೆ ಕಿತ್ತ. ಅವನ ತಲೆ ಆಡುತ್ತಿತ್ತು, ಅರ್ಧ ಸಾಲು ಹಿಂದೆ ಅಲ್ಲ, ಏಟಿಗೆ ಸರಿಯಾಗಿ. ಕಣ್ಣು ಪೂರ್ತಿ ಮುಚ್ಚಿತ್ತು. ಹಾಗೇ ಕಣ್ಣು ಮುಚ್ಚಿಕೊಂಡೇ ನನ್ನ ಕಡೆ ಬಾಗಿ ಹೇಳಿದ:

“ಕೇಳ್ತೈತೆ ಕಣ್ಲಾ.”

ನಾನು ಕಾಪಾಡಿಕೊಂಡು ಬಂದ ಮಾತು ಇದೇ. ಎಷ್ಟೋ ವರ್ಷದ ಮೇಲೆ ಅವನಿಗೆ ಒಂದು ಹಾಡು ತುಟಿ ನೋಡದೆ, ಯಾರೂ ಕಾಯದೆ, ನೇರವಾಗಿ ಕೇಳಿಸಿತ್ತು.

ಮನೆಗೆ ಬಂದಾಗ ಅಪ್ಪ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು. ಹೇಗಿತ್ತು ಎಂದು ಕೇಳಿದರು. ಚಿಕ್ಕಪ್ಪ ಶೂ ಬಿಚ್ಚುತ್ತ, ಮೆಷಿನ್ ಒಂದೂ ಇರಲಿಲ್ಲ, ಹುಡುಗರು ಒಳ್ಳೆಯವರು, ಬಿದ್ದವರನ್ನ ಎತ್ತುತ್ತಾರೆ ಎಂದ. ಹಾಗಾದರೆ ಇವನನ್ನ ಏನು ಮಾಡೋಣ ಎಂದರು ಅಪ್ಪ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ.

“ಓಗ್ಲಿ ಬುಡು,” ಅಂದ ಚಿಕ್ಕಪ್ಪ.

ಹೋಗಲಿ ಬಿಡು ಎಂದರೆ, ಆ ವಿಷಯ ಅಷ್ಟಕ್ಕೇ ಬಿಡು ಎಂದೂ ಆಗುತ್ತದೆ, ಅವನು ಹೋಗಲಿ, ಬಿಡು ಎಂದೂ ಆಗುತ್ತದೆ. ಚಿಕ್ಕಪ್ಪ ಯಾವುದನ್ನು ಹೇಳಿದನೋ. ಅಪ್ಪ ಎರಡನೆಯದೆಂದು ತಿಳಿದರು. ನಾನು ವ್ಯಾಖ್ಯಾನಕ್ಕೆ ಹೋಗಲಿಲ್ಲ. ಆ ಎರಡು ಪದಗಳ ಮೇಲೆ ನಿಂತು ನಾನು ಮುಂದಿನ ವರ್ಷಗಳ ಶೋಗಳನ್ನೆಲ್ಲ ನೋಡಿದೆ. ಮಳೆಯಲ್ಲಿ ಕೆಸರು ಮೊಣಕಾಲು ಮುಟ್ಟಿ, ಒಂದು ಚಪ್ಪಲಿ ನೆಲಕ್ಕೆ ಅರ್ಪಿಸಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ವೋಲ್ವೊ ಬಸ್ಸು ಹತ್ತಿದ್ದೇನೆ. ವೈಟ್‌ಫೀಲ್ಡಿನ ಟೆಕ್ ಪಾರ್ಕೊಂದರಲ್ಲಿ ಕೊರಳಿನ ಐಡಿ ಕಾರ್ಡು ತೆಗೆಯುವುದನ್ನೇ ಮರೆತು ತಲೆ ಕೊಡವುತ್ತಿದ್ದವರ ನಡುವೆ ನಿಂತು ಪಕ್ಕದವನ ಕಾರ್ಡಿನಿಂದ ಕೆನ್ನೆಗೆ ಏಟು ತಿಂದಿದ್ದೇನೆ. ಈಚೆಗೆ ಪಬ್ಬುಗಳಲ್ಲಿ ಪನೀರ್ ತಿನ್ನುತ್ತ ಕೂತು ನೋಡುವ ಶೋಗಳೂ ಬಂದಿವೆ. ನನ್ನ ಕತ್ತಿನ ಮೂಳೆಗೆ ಅವೇ ಹಿತ. ಎಲ್ಲಿ ಹೋದರೂ ಎರಡು ಬ್ಯಾಂಡುಗಳ ನಡುವಿನ ಬಿಡುವಿನಲ್ಲಿ ಪಕ್ಕದವರಿಗೆ ಚಿಕ್ಕಪ್ಪನ ಮಾತು ಹೇಳದೆ ಬಂದದ್ದಿಲ್ಲ.

ಬಿರಡೆ ಸಿಕ್ಕ ಭಾನುವಾರವೇ ಅದನ್ನು ತೆಗೆದುಕೊಂಡು ಹೋಗಿ ದರ್ಶಿನಿಯಲ್ಲಿ ಮಂಜನಿಗೆ ತೋರಿಸಿದೆ, ತಗೋ ಸಾಕ್ಷಿ ಎಂಬ ಠೀವಿಯಲ್ಲಿ. ಮಂಜ ಬಟ್ಟೆಯಲ್ಲಿ ಐಬು ಹುಡುಕಿ ಹುಡುಕಿ ಪಳಗಿದವನು. ಬಿರಡೆಯನ್ನು ಬೆಳಕಿಗೆ ಹಿಡಿದ.

“ಮಗಾ, ಇದು ನಿನ್ನ ಕಿವೀಲಿತ್ತು. ಪಕ್ಕದಲ್ಲಿ ಅಷ್ಟು ದೊಡ್ಡ ಸ್ಪೀಕರ್ರು. ಅವ್ರು ಹೇಳಿದ್ದು ನಿಂಗೆ ಹೆಂಗೆ ಕೇಳಿಸ್ತು?”

ಇನ್ನೊಂದು ಕಿವಿ ಖಾಲಿಯಿತ್ತು ಎಂದೆ. ಚಿಕ್ಕಪ್ಪ ಬಾಗಿದ್ದು ಯಾವ ಕಿವಿಗೆ ಎಂದ. ನೆನಪಿಗೆ ಬರಲಿಲ್ಲ. ಆಗ ಮಂಜ ಕಾಫಿ ಹೀರಿ, ತುಂಬ ಮೃದುವಾಗಿ ಹೇಳಿದ.

“ಅವ್ರು ‘ಕೇಳ್ತೈತೇನ್ಲಾ’ ಅಂದಿರ್ಬೇಕು ಕಣೋ. ಕೇಳಿಸ್ತಿದ್ಯಾ ಅಂತ. ಆ ಗಲಾಟೇಲಿ ಯಾರಾದ್ರೂ ಕೇಳೋದು ಅದನ್ನೇ ಅಲ್ವಾ?”

ಕೇಳ್ತೈತೆ ಕಣ್ಲಾ. ಕೇಳ್ತೈತೇನ್ಲಾ. ನಡುವೆ ಇರುವುದು ಒಂದು ‘ಕ’. ಅದು ಇದ್ದರೆ ಕಿವಿ ಹೋದ ಮನುಷ್ಯನಿಗೆ ಸಂಗೀತ ವಾಪಸು ಬಂತು. ಇಲ್ಲದಿದ್ದರೆ ಒಬ್ಬ ಚಿಕ್ಕಪ್ಪ ತನ್ನ ಅಣ್ಣನ ಮಗನನ್ನು, ಇಲ್ಲಿಂದ ಹೋಗೋಣವಾ ಎಂದೋ, ಕಕ್ಕಸು ಎಲ್ಲಿ ಎಂದೋ ಕೇಳುವ ಮೊದಲು, ಮಾತು ಕೇಳಿಸುತ್ತಿದೆಯೇ ಎಂದು ವಿಚಾರಿಸಿಕೊಂಡ. ಅಷ್ಟು ದೊಡ್ಡ ಸದ್ದಿನ ಕೆಳಗೆ, ಕಿವಿಗೆ ಬಿರಡೆ ಹಾಕಿಕೊಂಡು ನಾನು ಆ ಒಂದು ‘ಕ’ವನ್ನು ಹಿಡಿದೆನೋ, ಆಮೇಲೆ ಬೇಕಾಗಿ ತಂದು ಕೂರಿಸಿದೆನೋ. ಬೇರೆ ಯಾರಾದರೂ ಈ ಕಥೆ ಹೇಳಿದ್ದರೆ ನಾನೇ ಮೊದಲು ಈ ಅಡ್ಡಪ್ರಶ್ನೆ ಹಾಕುತ್ತಿದ್ದೆ.

ಮುಂದಿನ ಭಾನುವಾರದ ತನಕ ತಡೆಯಲಾಗಲಿಲ್ಲ. ಕಾಲೇಜಿಗೆ ರಜೆ ಹಾಕಿ ಚಿಕ್ಕಪ್ಪನ ಮನೆಗೆ ಹೋದೆ. ಅವನೀಗ ಕೆಲಸ ಬಿಟ್ಟಿದ್ದಾನೆ. ಸ್ವಂತ ಪ್ರೆಸ್ಸು ಹಾಕುವ ಯೋಚನೆ ಯೋಚನೆಯಾಗಿಯೇ ಉಳಿಯಿತು, ಅದರ ಬಗ್ಗೆ ಅವನಿಗೆ ಅಂಥ ದುಃಖವೇನೂ ಇಲ್ಲ. ಕಿವಿ ಇನ್ನಷ್ಟು ಹಿಂದೆ ಸರಿದಿದೆ. ಅಳಿಯ ತಂದುಕೊಟ್ಟ ಕಿವಿಯ ಮೆಷಿನು ದೇವರ ಗೂಡಿನಲ್ಲಿ ಭದ್ರವಾಗಿದೆ. ಅದನ್ನು ಹಾಕಿಕೊಂಡರೆ ಫ್ಯಾನು ತಿರುಗುವ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲವಂತೆ. ಅವನು ಕಿಟಕಿಯ ಪಕ್ಕ ಕೂತಿದ್ದ. ಚಿಕ್ಕಮ್ಮ ನೆಲದ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು.

ನಾನು ಬಿರಡೆಯನ್ನು ಅವನ ಅಂಗೈಯಲ್ಲಿಟ್ಟೆ. ಅವನು ಅದನ್ನು ಹಿಸುಕಿ ನೋಡಿದ, ದಾರದ ತುದಿ ನೋಡಿದ, ನನ್ನನ್ನು ನೋಡಿದ. ನಾನು ಎದೆ ತುಂಬ ಉಸಿರೆಳೆದುಕೊಂಡು, ಪಕ್ಕದ ಬೀದಿಗೂ ಕೇಳುವಂತೆ ಕೂಗಿದೆ.

“ಚಿಕ್ಕಪ್ಪಾ, ಅವತ್ತು ಶೋನಲ್ಲಿ ನೀನು ಹೇಳಿದ್ದು ‘ಕೇಳ್ತೈತೆ ಕಣ್ಲಾ’ ಅಂತಾನೋ, ‘ಕೇಳ್ತೈತೇನ್ಲಾ’ ಅಂತಾನೋ?”

“ಕೇಳ್ತೈತೆ ಕಣ್ಲಾ,” ಅಂದ ಚಿಕ್ಕಪ್ಪ. “ಅದ್ಯಾಕಂಗೆ ಅರುಚ್ತೀಯ?”

ಚಿಕ್ಕಮ್ಮ ಮೊರ ಪಕ್ಕಕ್ಕಿಟ್ಟು ನಕ್ಕಳು. ನಾನು ಅಲ್ಲೇ ಕೂತೆ. ಈ ಸಲ ‘ಕ’ ಸ್ಪಷ್ಟವಾಗಿತ್ತು. ಸ್ಪೀಕರಿರಲಿಲ್ಲ, ಬಿರಡೆ ಅವನ ಕೈಯಲ್ಲಿತ್ತು. ಆದರೆ ಇದು ನನ್ನ ಪ್ರಶ್ನೆಗೆ ಬಂದ ಉತ್ತರವೋ, ನನ್ನ ಕೂಗಿಗೆ ಬಂದ ಬೈಗುಳವೋ? ಯಾವ ವಿದ್ಯಾರ್ಥಿಯಾದರೂ ಇಂಥದ್ದನ್ನು ಆಧಾರವೆಂದು ಬರೆದು ತಂದರೆ, ಪ್ರಶ್ನೆಯಲ್ಲೇ ಉತ್ತರ ತುರುಕಿದ್ದೀಯ ಎಂದು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುತ್ತೇನೆ. ಇನ್ನೊಮ್ಮೆ, ಬೇರೆ ರೀತಿಯಲ್ಲಿ ಕೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಕೇಳಿದ.

“ಅಲ್ಲಿ ಡೋಲು ಬಾರುಸ್ತಿದ್ನಲ್ಲ, ನಾವು ಒಂದ್ ಕಾಲಲ್ಲಿ ತುಳಿಯೋದ್ನ ಅವ್ನು ಎಲ್ಡು ಕಾಲಲ್ಲೂ ತುಳೀತಿದ್ದ. ಆ ಉಡ್ಗ ಇನ್ನೂ ಅವ್ನೇನ್ಲಾ?”

ಹುಬ್ಬು ಹಣೆಯ ಅರ್ಧಕ್ಕೆ ಏರಿತ್ತು.

ಕೇಳಿದ್ದು ಡ್ರಮ್ ಬಾರಿಸುವವನ ಬಗ್ಗೆ. ನನ್ನ ಕಣ್ಣು ಮಾತ್ರ ಆ ಹುಬ್ಬಿನ ಮೇಲೆ ನೆಟ್ಟಿತು. ಚಿಕ್ಕಪ್ಪ ಜನ್ಮದಲ್ಲಿ ಹುಬ್ಬೇರಿಸದೆ ಪ್ರಶ್ನೆ ಕೇಳಿದವನಲ್ಲ. ಕಣ್ಣು ಮುಚ್ಚಿಕೊಂಡು ಯಾರೂ ಹುಬ್ಬಿನಲ್ಲಿ ಪ್ರಶ್ನೆ ಕೇಳುವುದಿಲ್ಲ, ಉತ್ತರ ಕಾಣಿಸುವುದಿಲ್ಲವಲ್ಲ. ಅವತ್ತು ಬೇಲಿಯ ಹತ್ತಿರ ಅವನ ಕಣ್ಣು ಪೂರ್ತಿ ಮುಚ್ಚಿತ್ತು. ಇದನ್ನು ಈಗ ಅನುಕೂಲಕ್ಕೆ ಸೇರಿಸುತ್ತಿದ್ದೇನೆಂದು ನಿಮಗೆ ಅನುಮಾನ ಬಂದರೆ ಹದಿನೈದಿಪ್ಪತ್ತು ಪ್ಯಾರಾ ಹಿಂದೆ ಹೋಗಿ ನೋಡಿ, ಬರೆದಿದ್ದೇನೆ. ಅಂದರೆ ಅವತ್ತಿನದು ಪ್ರಶ್ನೆಯಲ್ಲ, ನಡುವೆ ಒಂದು ‘ಕ’ ಇತ್ತು. ಇದಕ್ಕಿಂತ ದುರ್ಬಲ ಆಧಾರದ ಮೇಲೆ ಪಿಎಚ್.ಡಿ. ಕೊಟ್ಟದ್ದನ್ನು ನಾನು ಕಂಡಿದ್ದೇನೆ.

ಆ ಹುಡುಗ ಇನ್ನೂ ಬಾರಿಸುತ್ತಿದ್ದಾನೋ ಗೊತ್ತಿಲ್ಲ, ಹೋಗಿ ನೋಡಬೇಕು ಎಂದೆ. ಕೂಗಲಿಲ್ಲ, ತುಟಿ ಕಾಣುವಂತೆ ಎದುರಿಗೆ ಕೂತು ನಿಧಾನವಾಗಿ ಹೇಳಿದೆ. ಚಿಕ್ಕಪ್ಪ ನನ್ನ ತುಟಿಯನ್ನು ಓದಿ ಮುಗಿಸಿದ, ಬಿರಡೆಯನ್ನು ನನಗೆ ವಾಪಸು ಕೊಟ್ಟ.

“ಇದು ನಿಂಗಿರ್ಲಿ,” ಅಂದ. “ನಂಗೆ ಬ್ಯಾಡ. ಓಗಾನ ಬುಡು.”